ಹೆದರಿ ಬಿಟ್ಟ ಹೂವು

ಮರುಳಪ್ಪ ಎಂಬ ಶಿಷ್ಯ ಗುರುಗಳ ಮುಂದೆ ಕೂತು ಕೇಳಿದ: "ಗುರುಗಳೇ, ಆರು ತಿಂಗಳಿಂದ ಊರೂರು ತಿರುಗಿ ಪ್ರವಚನ ಹೇಳುತ್ತಿದ್ದೇನೆ. ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ನಿಜ. ಆದರೆ ಮಾತು ಹಿಂದೆಂದೂ ಬಾರದಷ್ಟು ಚೆನ್ನಾಗಿ ಬರುತ್ತಿದೆ. ಜನ ಕಣ್ಣೀರು ಹಾಕಿ ಕೇಳುತ್ತಾರೆ. ಇಂಥ ಹೊತ್ತಿನಲ್ಲಿ ಒಂದು ವರ್ಷ ಸುಮ್ಮನಿರು ಎಂದು ಹೇಳಿ ಕಳಿಸಿದಿರಿ. ಯಾಕೆ?"

ಗುರುಗಳು ಅವನ ಮುಖವನ್ನೊಮ್ಮೆ ನೋಡಿ ಈ ಕತೆ ಹೇಳಿದರು.

ಬಂಡೆಯ ಮೇಲೆ ಕಟ್ಟಿದ ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅಲ್ಲಿ ಎಲ್ಲಿ ಅಗೆದರೂ ಕಲ್ಲು. ಹಾಗಾಗಿ ಅವನ ಹೆಂಡತಿ ಅಂಗಳದಲ್ಲಿ ನಾಲ್ಕು ದೊಡ್ಡ ಕುಂಡಗಳನ್ನಿಟ್ಟು ಕಿತ್ತಳೆ ಗಿಡ ಬೆಳೆಸಿದ್ದಳು. ದೀಪಾವಳಿಯ ಹೊತ್ತಿಗೆ ಹಣ್ಣಾಗುತ್ತಿದ್ದವು. ಅವರ ಒಬ್ಬಳೇ ಮಗಳು ನೀಲವ್ವ ಆ ಹಣ್ಣು ತಿಂದೇ ಬೆಳೆದವಳು.

ಮಗಳ ಮದುವೆಯಾದ ಮರುವರ್ಷ ಹೆಂಡತಿ ತೀರಿಕೊಂಡಳು. ನೇಕಾರ ಎಷ್ಟೋ ದಿನ ಮಗ್ಗದ ಕಡೆ ಹೋಗಲಿಲ್ಲ. ಗಿಡಗಳ ನೆನಪೂ ಬರಲಿಲ್ಲ. ನೆನಪಾದ ದಿನ ಹೋಗಿ ನೋಡಿದರೆ ಎಲೆ ಮುರುಟಿ, ಮಣ್ಣು ಬಿರುಕು ಬಿಟ್ಟಿತ್ತು. ಅಂದಿನಿಂದ ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ನೀರು ಹೊಯ್ದ. ಬಿಸಿಲು ಹೆಚ್ಚಾಯಿತೇನೋ ಎಂದು ಕುಂಡಗಳನ್ನು ನೆರಳಿಗೆ ಎಳೆದ. ನೆರಳು ಹೆಚ್ಚಾಯಿತೇನೋ ಎಂದು ಮತ್ತೆ ಬಿಸಿಲಿಗೆ ತಂದ. ಒಬ್ಬರು ಬೂದಿ ಹಾಕು ಎಂದರು, ಹಾಕಿದ. ಇನ್ನೊಬ್ಬರು ಗೊಬ್ಬರ ಎಂದರು, ಅದನ್ನೂ ಹಾಕಿದ. ಎಲೆಗಳು ಹಳದಿಯಾಗಿ ಉದುರತೊಡಗಿದವು. ಒಂದೊಂದು ಎಲೆ ಬಿದ್ದಾಗಲೂ ಹೆಂಡತಿ ಎಲ್ಲೋ ನಿಂತು ನೋಡುತ್ತಿದ್ದಾಳೆ ಎನ್ನಿಸುತ್ತಿತ್ತು. ಮಗ್ಗಕ್ಕೆ ಕೂತರೆ ಲಾಳಿ ಕೈಯಲ್ಲಿ, ಕಣ್ಣು ಅಂಗಳದಲ್ಲಿ.

ಅಷ್ಟರಲ್ಲಿ ಮಗಳಿಂದ ಸುದ್ದಿ ಬಂತು. "ಬರುವ ದೀಪಾವಳಿಗೆ ಬರುತ್ತೇನೆ ಅಪ್ಪ. ಅವ್ವನ ಗಿಡದ ಹಣ್ಣು ನನಗೆ ಇಟ್ಟಿರು." ಇಟ್ಟಿರುತ್ತೇನೆ ಎಂದು ನೇಕಾರ ಹೇಳಿ ಕಳಿಸಿದ. ಹೇಳಿ ಕಳಿಸಿದ ಮೇಲೆ ಅನ್ನ ಗಂಟಲಿನಲ್ಲಿ ಇಳಿಯದಾಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ನಾಲ್ಕೂ ಗಿಡ ಹೂ ಬಿಟ್ಟವು. ಕೊಂಬೆಯಲ್ಲಿ ಎಲೆಗಿಂತ ಹೂವೇ ಹೆಚ್ಚು. ಬೀದಿಗೆಲ್ಲ ಪರಿಮಳ. ನೆರೆಯವರು ಬಂದು ನೋಡಿ, ನಿನ್ನ ಕೈಗುಣ ದೊಡ್ಡದು ಎಂದರು. ಅಂದು ಅವನು ಹೊಟ್ಟೆ ತುಂಬ ಉಂಡ.

ಆದರೂ ಅಳುಕು ಹೋಗಲಿಲ್ಲ. ಹೆಂಡತಿ ಇದ್ದಾಗ ಗಿಡಗಳು ಯಾವತ್ತೂ ಹೀಗೆ ಹೂ ಬಿಟ್ಟಿರಲಿಲ್ಲ. ಊರ ಕೆಳಗೆ ಸಸಿ ಬೆಳೆಸಿ ಮಾರುವ ಹೊನ್ನಮ್ಮ ಎಂಬ ಮುದುಕಿಯನ್ನು ಕರೆತಂದ. ಅವಳು ಹೂವಿನ ಕಡೆ ನೋಡಲಿಲ್ಲ. ಒಂದು ಕುಂಡವನ್ನು ಓರೆ ಮಾಡಿಸಿ ತಳದ ತೂತಿಗೆ ಕಡ್ಡಿ ಚುಚ್ಚಿದಳು. ನಾರುವ ಕಪ್ಪು ನೀರು ಸುರಿಯಿತು.

"ಬೇರು ಕೊಳೆಯುತ್ತಿದೆ ತಮ್ಮಾ," ಎಂದಳು. "ಮೊದಲು ಒಣಗಿಸಿದೆ, ಆಮೇಲೆ ಮುಳುಗಿಸಿದೆ."

"ಹಾಗಾದರೆ ಇಷ್ಟು ಹೂವು?"

"ಇನ್ನು ಉಳಿಯುವುದಿಲ್ಲ ಅಂತ ಗಿಡಕ್ಕೆ ಅನ್ನಿಸಿದೆ. ಹೋಗುವ ಮುಂಚೆ ಬೀಜ ಬಿಟ್ಟು ಹೋಗೋಣ ಅಂತ ಇದ್ದಬದ್ದ ಕಸುವನ್ನೆಲ್ಲ ಹೂವಿಗೆ ಸುರಿದಿದೆ. ಇದು ಹೆದರಿ ಬಿಟ್ಟ ಹೂವು. ಒಂದನ್ನೂ ಉಳಿಸದೆ ಕಿತ್ತುಹಾಕು. ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ, ನೆರಳಿನಲ್ಲಿ ಇಡು. ಮಣ್ಣಿನೊಳಗೆ ಬೆರಳಿಟ್ಟು ನೋಡು, ಒಣಗಿದ್ದರೆ ಮಾತ್ರ ನೀರು. ಈ ವರ್ಷ ಅದರಿಂದ ಏನೂ ಕೇಳಬೇಡ."

"ಮಗಳಿಗೆ ಮಾತು ಕೊಟ್ಟಿದ್ದೇನೆ ಹೊನ್ನಮ್ಮ."

"ಕೊಟ್ಟವನು ನೀನು. ಗಿಡ ಕೊಟ್ಟಿಲ್ಲ."

ನೇಕಾರ ಮೂರು ಗಿಡಗಳ ಹೂವನ್ನು ಕಿತ್ತ. ಮುದುಕಿ ಹೇಳಿದಂತೆ ಬೇರು ಕತ್ತರಿಸಿ ಮಣ್ಣು ಬದಲಿಸಿದ. ನಾಲ್ಕನೆಯದರ ಮುಂದೆ ಕೂತಾಗ ಅವನ ಕೈ ಏಳಲಿಲ್ಲ. ಇದೊಂದು ಇರಲಿ, ಮಗಳಿಗೆ ನಾಲ್ಕು ಹಣ್ಣಾದರೂ ಸಿಗಲಿ ಎಂದುಕೊಂಡ. ಅಲುಗಿಸಿದರೆ ಹೂವು ಉದುರೀತೆಂದು ಅದರ ಮಣ್ಣನ್ನೂ ಮುಟ್ಟಲಿಲ್ಲ.

ಬೇಸಿಗೆಯಿಡೀ ಮೂರು ಗಿಡಗಳು ಕಡ್ಡಿಗಳಂತೆ ನಿಂತಿದ್ದವು. ನಾಲ್ಕನೆಯದು ಕಾಯಿ ಕಚ್ಚಿತು. ನೆರೆಯವರು ಆ ಮೂರನ್ನು ಒಲೆಗೆ ಹಾಕು ಎಂದರು. ನೇಕಾರನಿಗೂ ಕೆಲವು ದಿನ ಹಾಗೇ ಅನ್ನಿಸಿತು. ಮುದುಕಿಯ ಮಾತು ಕೇಳಿ ಕೆಟ್ಟೆ ಎಂದು ಹಲುಬಿದ. ದಿನಾ ಬೆಳಿಗ್ಗೆ ಮಣ್ಣಿಗೆ ಬೆರಳಿಡುತ್ತಿದ್ದ. ತೇವವಿದ್ದರೂ ಕೊಡ ಎತ್ತುತ್ತಿದ್ದ. ಎತ್ತಿ, ಹಾಗೇ ಕೆಳಗಿಡುತ್ತಿದ್ದ. ಉಗುರಿನಿಂದ ತೊಗಟೆ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದ. ಇರುತ್ತಿತ್ತು. ಆದರೆ ನಾಳೆ ಇದ್ದೀತೇ ಎಂದು ಹೇಳುವವರು ಯಾರೂ ಇರಲಿಲ್ಲ.

ಶ್ರಾವಣದಲ್ಲಿ ಒಂದು ಗಿಡ ಚಿಗುರಿತು. ಹದಿನೈದು ದಿನಕ್ಕೆ ಇನ್ನೆರಡೂ ಚಿಗುರಿದವು. ನಾಲ್ಕನೆಯದರಲ್ಲಿ ಹನ್ನೊಂದು ಕಾಯಿ ಬಲಿತವು. ಹೊಸ ಎಲೆ ಒಂದೂ ಬರಲಿಲ್ಲ.

ದೀಪಾವಳಿಗೆ ನೀಲವ್ವ ಬಂದಳು. ಅಂಗಳದಲ್ಲೇ ಕೂತು ಹಣ್ಣು ಸುಲಿದು ತಿಂದಳು.

"ಅವ್ವ ಇದ್ದಾಗಲೂ ಇಷ್ಟು ರುಚಿ ಇರಲಿಲ್ಲ ಅಪ್ಪ," ಎಂದು ಕಣ್ಣೊರೆಸಿಕೊಂಡಳು. ಅಪ್ಪನ ಬಾಯಿಗೂ ಒಂದು ತೊಳೆ ಇಟ್ಟಳು. ನೇಕಾರ ಅದನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದ. ಉಳಿದ ಹಣ್ಣನ್ನು ಅವಳು ಬಟ್ಟೆಯಲ್ಲಿ ಕಟ್ಟಿಕೊಂಡು ಗಂಡನ ಮನೆಗೆ ಒಯ್ದಳು. ಅಲ್ಲಿಯವರೂ ಹೊಗಳಿದರೆಂದು ಆಮೇಲೆ ತಿಳಿಯಿತು.

ಅವಳು ಹೋದ ಒಂದು ವಾರಕ್ಕೆ ಆ ನಾಲ್ಕನೆಯ ಗಿಡದ ಕೊನೆಯ ಎಲೆಗಳು ಬಿದ್ದವು. ನೇಕಾರ ತೊಗಟೆ ಕೆರೆದ. ತುದಿಯಿಂದ ಬುಡದವರೆಗೆ ಒಣಗಿತ್ತು. ಕಾಂಡ ಹಿಡಿದು ಎಳೆದರೆ, ತಡೆಯುವ ಬೇರಿಲ್ಲದೆ ಹಾಗೇ ಕೈಗೆ ಬಂತು. ಅವನು ಮಗಳಿಗೆ ಆ ಸುದ್ದಿ ಹೇಳಿ ಕಳಿಸಲಿಲ್ಲ. ಮರುವರ್ಷ ಉಳಿದ ಮೂರು ಗಿಡಗಳು ಎಲೆಯ ಮರೆಯಲ್ಲಿ ಕೆಲವೇ ಹೂವು ಬಿಟ್ಟವು. ನೋಡಲು ಯಾರೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪ ಮೆಲ್ಲಗೆ ಕೇಳಿದ: "ಆದರೆ ಗುರುಗಳೇ, ಆ ಹಣ್ಣು ಸಿಹಿಯಾಗಿತ್ತಲ್ಲವೇ?"

"ಸಿಹಿಯಾಗಿತ್ತು; ಅದಕ್ಕೇ ತಿಂದವರು ಯಾರೂ ಗಿಡದ ಕಡೆ ನೋಡಲಿಲ್ಲ," ಎಂದರು ಗುರುಗಳು.