ಕರೆಪ್ಪ ನೆಲಕ್ಕಿಳಿದದ್ದು

ಎಷ್ಟು ಹಿಂದೆ ಎಂದು ಕೇಳಬೇಡ, ಮಗಳೇ. ಡೋಣಿ ಹೊಳೆಗೆ ಇನ್ನೂ ಸೇತುವೆ ಕಟ್ಟಿರಲಿಲ್ಲ, ಅಷ್ಟು ಹಿಂದೆ. ಹೊಳೆಯ ದಂಡೆಗೆ ಒಂದು ಊರು, ಊರಿಗೊಂದು ಅಗಸಿ ಬಾಗಿಲು, ಅಗಸಿಯ ಮುಂದೆ ಒಂದು ಬೇವಿನ ಮರ. ಆ ಊರಿಗೆ ಮೂರು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಹೆಳವರ ಕರೆಪ್ಪ ಬರುತ್ತಿದ್ದ.

ಹೆಳವರು ಅಂದರೆ ಮನೆತನಗಳ ಹೆಸರನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ತಿರುಗುವವರು. ಯಾರ ಮಗ ಯಾರು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾರು ಯಾವ ಹೊಲದಲ್ಲಿ ಮಣ್ಣಾದರು, ಎಲ್ಲ ಅವರಿಗೆ ಬಾಯಿಪಾಠ. ಕರೆಪ್ಪನ ತಲೆಯಲ್ಲಿ ನೂರು ಮನೆತನ ಇದ್ದವು ಅಂತಾರೆ. ಇನ್ನೂರು ಅನ್ನುವವರೂ ಇದ್ದಾರೆ. ಅವನು ಎತ್ತಿನ ಮೇಲೆ ಕೂತು ಬರುವನು, ಕಾಲುಗಳನ್ನು ಮಡಿಚಿ ಕಂಬಳಿ ಸುತ್ತಿಕೊಂಡಿರುವನು. ಎತ್ತಿನ ಕೊರಳ ಗಂಟೆ ಕೇಳಿದ ಕೂಡಲೇ ಹೆಂಗಸರು ಮೊರದಲ್ಲಿ ಜೋಳ ತುಂಬಿಕೊಂಡು ಬಾಗಿಲಿಗೆ ಬರುವರು. ವಂಶ ಹೇಳಿ ಮುಗಿಸುವವರೆಗೆ ಅವನ ಪಾದ ನೆಲಕ್ಕೆ ತಾಗಬಾರದು. ತಾಗಿದರೆ ಹೇಳಿದ್ದೆಲ್ಲ ಮಣ್ಣು, ಮುಂದೆ ಯಾವ ಮನೆಯೂ ಅವನಿಗೆ ಬಾಗಿಲು ತೆರೆಯುವುದಿಲ್ಲ. ಅದು ಆ ಕಾಲದ ಕಟ್ಟಳೆ.

ಆ ಊರಿನ ಗೌಡ ನಿಂಗನಗೌಡ. ಅವನಿಗೊಬ್ಬ ತಮ್ಮ, ದೇವನಗೌಡ. ಬಾವಿ ತೋಡಲು ಬಂದ ಕಲ್ಲೊಡೆಯುವವರ ಮನೆಯ ಹುಡುಗಿ ಗುರವ್ವನನ್ನು ಈ ತಮ್ಮ ಮದುವೆಯಾದ, ಅಗಸಿಯ ಹೊರಗೆ ಗುಡಿಸಲು ಹಾಕಿದ. ಅಣ್ಣ ಅವತ್ತಿನಿಂದ ಅವನ ಮುಖ ನೋಡಲಿಲ್ಲ. ಒಂದು ಮಳೆಗಾಲ ದೇವನಗೌಡನನ್ನು ಹೊಳೆ ಎಳೆದುಕೊಂಡು ಹೋಯಿತು. ತಂದೆ ರಾಯನಗೌಡ ಆಗಿನ್ನೂ ಬದುಕಿದ್ದ. ಮಗನನ್ನು ಮನೆತನದ ಹೊಲದಲ್ಲಿ, ಬನ್ನಿಗಿಡದ ಕೆಳಗೆ ಮಣ್ಣು ಮಾಡಿಸಿದ. ಆಮೇಲೆ ಆ ಮುದುಕನೂ ಹೋದ. ಅವನು ಹೋದ ಮೇಲೆ ನಿಂಗನಗೌಡ ಹೇಳತೊಡಗಿದ, ನನಗೆ ತಮ್ಮನೇ ಇದ್ದಿಲ್ಲ ಎಂದು. ಒಂದು ಸಲ ಹೇಳಿದ, ಹತ್ತು ಸಲ ಹೇಳಿದ. ಊರು ಸುಮ್ಮನೆ ಕೇಳಿಸಿಕೊಂಡಿತು.

ಆದರೆ ಹೆಳವ ಬಂದಾಗ ಆ ತಮ್ಮನ ಹೆಸರು ಹೇಳುತ್ತಿದ್ದನಲ್ಲ!

ಒಂದು ಸುಗ್ಗಿಯಲ್ಲಿ ಕರೆಪ್ಪನ ಮುದಿ ಎತ್ತು ಹೊಳೆಯ ಕೆಸರಲ್ಲಿ ಹೂತು ಸತ್ತಿತು. ಎತ್ತಿಲ್ಲದ ಹೆಳವ ಯಾರ ಬಾಗಿಲಿಗೂ ಹೋಗುವಂತಿಲ್ಲ. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು. ಆಗ ನಿಂಗನಗೌಡ ಒಂದು ಕಿಲಾರಿ ಎತ್ತು ಹಿಡಿದುಕೊಂಡು ಬಂದ ಅಂತಾರೆ. ಹಾಲಿನಂಥ ಮೈ, ಬಾಗಿದ ಕೊಂಬು. ಗೌಡ ಕೇಳಿದ್ದು ಒಂದೇ ಮಾತು: ಒಂದು ಹೆಸರು ಬಿಡು. ಏಳು ತಲೆಮಾರಿನಲ್ಲಿ ಒಂದೇ ಒಂದು ಹೆಸರು. ಅದೂ ಸತ್ತವನದು.

ಕರೆಪ್ಪ ಆ ಎತ್ತು ಹತ್ತಿದ. ಗೌಡರ ಬಾಗಿಲ ಮುಂದೆ ನಿಂತು ಹೇಳಿದ, "ರಾಯನಗೌಡಗ ಒಬ್ಬನಽ ಮಗ, ನಿಂಗನಗೌಡ."

ಗುಂಪಿನ ಹಿಂದೆ ಗುರವ್ವ ನಿಂತಿದ್ದಳು, ಪಕ್ಕದಲ್ಲಿ ಮಗಳು ನೀಲವ್ವ. ಗುರವ್ವನ ಕೈಯಲ್ಲಿ ಮೊರ ಇತ್ತು. ಆಕೆ ಜಗಳ ತೆಗೆಯಲಿಲ್ಲ, ಅಳಲಿಲ್ಲ. ಮುಂದೆ ಬಂದು, ಮೊರದ ಜೋಳವನ್ನು ಕರೆಪ್ಪನ ಜೋಳಿಗೆಗೆ ಸುರಿದು, ಮಗಳ ಕೈ ಹಿಡಿದುಕೊಂಡು ಹೊರಟುಹೋದಳು. ಕರೆಪ್ಪ ಆ ಜೋಳ ಒಯ್ದ. ಅವನ ಮನೆಯಲ್ಲಿ ಆ ಜೋಳದ ರೊಟ್ಟಿ ಬೇಯಲೇ ಇಲ್ಲ ಅಂತಾರೆ. ಬೆಂದಿರಬೇಕು. ಅವನ ಗಂಟಲಲ್ಲಿ ಇಳಿದಿರಲಿಕ್ಕಿಲ್ಲ.

ಅಲ್ಲಿಂದ ಶುರುವಾಯಿತು. ಯಾವ ಊರಿಗೆ ಹೋಗಲಿ, ಯಾರ ಮನೆತನ ಹೇಳಲಿ, ಇಬ್ಬರು ಗಂಡುಮಕ್ಕಳ ಮಾತು ಬಂತೆಂದರೆ ಕರೆಪ್ಪನ ನಾಲಿಗೆ ಜಾರುವುದು. "ಹಿರಿಯಾವ ಸಂಗಪ್ಪ, ಕಿರಿಯಾವ ದೇವನಗೌಡ" ಎಂದುಬಿಡುವನು. ಮನೆಯವರು ಕಣ್ಣು ಕಣ್ಣು ಬಿಡುವರು. "ಯಾವ ದೇವನಗೌಡನೋ ಕರೆಪ್ಪಾ? ನಮ್ಮ ಮನ್ಯಾಗ ಅಂಥಾವ ಹುಟ್ಟಿಲ್ಲ. ಅವ ನಿನ್ನ ಮಾವ ಏನು?" ಎಂದು ನಗುವರು. ಕೆಲವರು ನಗಲಿಲ್ಲ. ನಮ್ಮ ಹಿರಿಯರ ನಡುವೆ ಗುರುತಿಲ್ಲದವನನ್ನು ತಂದು ಕೂರಿಸಿದ ಎಂದು ಬಾಗಿಲು ಹಾಕಿಕೊಂಡರು. ಬಾಯಿಪಾಠದ ಸರಪಳಿ ಹಾಗೆಯೇ, ಮಗಳೇ. ಒಂದು ಕೊಂಡಿ ಕಳಚಿದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಕರೆಪ್ಪ ದಾರಿಯುದ್ದಕ್ಕೂ ಎತ್ತಿನ ಮೇಲೆ ಕೂತು ಹೆಸರುಗಳನ್ನು ಗೊಣಗುವನು, ತಪ್ಪುವನು, ಮತ್ತೆ ಮೊದಲಿನಿಂದ ಹಿಡಿಯುವನು. ಎತ್ತು ಮಾತ್ರ ಗಂಟೆ ಆಡಿಸುತ್ತ ಚೆನ್ನಾಗಿ ನಡೆಯುತ್ತಿತ್ತು.

ಹೀಗೆ ಮೂರು ವರ್ಷ ಕಳೆಯಿತು. ಮತ್ತೆ ಆ ಊರಿನ ಸರದಿ ಬಂತು.

ಅವನು ಅಗಸಿಗೆ ಬಂದಾಗ ಮಧ್ಯಾಹ್ನ ಕಳೆದು ಬಿಸಿಲು ವಾಲಿತ್ತು. ಬೇವಿನ ಮರದ ಕೆಳಗೆ ಕಂಬಳಿಯ ಮೇಲೆ ಒಂದು ಹೆಣ. ಗುರವ್ವ ಬೆಳಗಿನ ಜಾವ ತೀರಿಕೊಂಡಿದ್ದಳು. ತಾಯಿಯ ತಲೆಯ ಹತ್ತಿರ ನೀಲವ್ವ, ಕೈಯಲ್ಲಿ ಕಲ್ಲೊಡೆಯುತ್ತಿದ್ದ ತಾಯಿಯ ತಂದೆಯ ಕಬ್ಬಿಣದ ಹಾರೆ. ಕಟ್ಟೆಯ ಮೇಲೆ ನಿಂಗನಗೌಡ, ಅವನ ಹಿಂದೆ ಬಡಿಗೆ ಹಿಡಿದ ಆಳುಗಳು. ಊರೆಲ್ಲ ನೆರೆದಿತ್ತು.

ನೀಲವ್ವ ಕೇಳಿದ್ದು ಇಷ್ಟೇ. ಅವ್ವನನ್ನು ಬನ್ನಿಗಿಡದ ಕೆಳಗೆ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಬೇಕು. ಯಾರೂ ಬರದಿದ್ದರೆ ತಾನೇ ಕುಣಿ ತೋಡುತ್ತಾಳೆ. ಗೌಡ ಹೇಳಿದ್ದೂ ಇಷ್ಟೇ. ಅದು ಮನೆತನದ ಹೊಲ, ಮನೆತನದವರಿಗಷ್ಟೇ ಅಲ್ಲಿ ಜಾಗ. ಹೊತ್ತು ಮುಳುಗಿದ ಮೇಲೆ ಕುಣಿ ತೋಡುವಂತಿಲ್ಲ. ಬೆಳಗಾದರೆ ಹೊಳೆಯಾಚೆ ಒಯ್ದು ಎಲ್ಲಾದರೂ ಹೂಳಲಿ.

ಊರಿನ ಹಿರಿಯ ಮುದುಕಿ ಕಾಶವ್ವ ಒಬ್ಬಳೇ ಬಾಯಿ ಬಿಟ್ಟಳು. "ಮುಂಜಾನಿಂದ ಹೆಣ ಇಲ್ಲೇ ಅದ. ನೀವೂ ಕಟ್ಟಿ ಬಿಟ್ಟು ಅಲುಗಾಡವಲ್ಲಿರಿ. ಇಲ್ಲಿ ಸತ್ತಾವರು ಯಾರು, ಇದ್ದಾವರು ಯಾರು, ಒಂದೂ ತಿಳೀವಲ್ದು."

ಅಷ್ಟರಲ್ಲಿ ಗಂಟೆ ಕೇಳಿತು. ಗೌಡನ ಮುಖ ಅರಳಿತು.

"ಬಾ ಕರೆಪ್ಪ, ಸರಿಯಾದ ಹೊತ್ತಿಗೆ ಬಂದಿ. ಊರ ಮಂದಿಗೆ ನಮ್ಮ ಮನಿತನ ಮರತದ. ಒಂದು ಸಲ ಹೇಳು."

ಊರಿಗೆಲ್ಲ ಸಮಾಧಾನವಾಯಿತು ಅಂತಾರೆ. ಹೆಳವ ಹೇಳಿದರೆ ಮುಗಿಯಿತು, ತಾವೇನೂ ಹೇಳಬೇಕಾಗಿಲ್ಲ. ಕರೆಪ್ಪ ಹೆಣ ನೋಡಿದ. ಆ ಮುಖ ಅವನಿಗೆ ಗುರುತಿತ್ತು. ಹಿಂದಕ್ಕೆ ತಿರುಗಿ ಹೋಗಬಹುದಿತ್ತು. ಆದರೆ ಇಬ್ಬರು ಆಳುಗಳು ಆಗಲೇ ಎತ್ತಿನ ಮೂಗುದಾರ ಹಿಡಿದಿದ್ದರು.

ಅವನು ಶುರುಮಾಡಿದ. ಮೂಲಪುರುಷ ಸೋಮನಗೌಡ. ಸೋಮನಗೌಡನ ಮಗ ಬಾಪುಗೌಡ. ಬಾಪುಗೌಡನ ಮಗ ಕೆಂಚನಗೌಡ. ಒಂದೊಂದೇ ತಲೆಮಾರು ಇಳಿದು ಬಂತು. ಬೇವಿನ ನೆರಳು ಹೆಣವನ್ನು ದಾಟಿ ನೀಲವ್ವನ ಕಾಲಿಗೆ ಬಂತು. ಕರೆಪ್ಪನ ದನಿ ಸಣ್ಣದಾಗುತ್ತ ಹೋಯಿತು. "ಅವನ ಮಗ ರಾಯನಗೌಡ" ಎಂದ. ನಿಂತ.

"ಮುಂದ," ಎಂದ ಗೌಡ.

ಆಗ ನೀಲವ್ವ ಹಾರೆಯನ್ನು ಮರಕ್ಕೆ ಒರಗಿಸಿ ಗುಡಿಸಲಿಗೆ ಹೋದಳು. ಮೊರದ ತುಂಬ ಜೋಳ ತಂದು ಎತ್ತಿನ ಮುಂದೆ ಇಟ್ಟಳು.

"ಈ ಸುಗ್ಗಿಗೆ ನೀ ಬರ್ತಿ ಅಂತ ಅವ್ವ ನಿನ್ನ ಪಾಲು ಎತ್ತಿಟ್ಟಾಳ. ನೀ ಏನರ ಹೇಳು, ಏನರ ಬಿಡು. ಕಾಳು ನಿಂದಽ, ತಗೋ."

ಕರೆಪ್ಪ ಆ ಮೊರವನ್ನು ನೋಡಿದ. ಆಮೇಲೆ ಕಾಲಿಗೆ ಸುತ್ತಿದ ಕಂಬಳಿ ಬಿಚ್ಚತೊಡಗಿದ. ಮೊದಲು ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. "ಏ ಕರೆಪ್ಪಾ, ಬ್ಯಾಡೋ! ಮಕ್ಕಳದಾವು ನಿನಗ!" ಎಂದು ಕಾಶವ್ವನೇ ಕೂಗಿದಳು. ಅವನು ಇಳಿದ. ವಂಶ ಅರ್ಧ ಬಾಯಲ್ಲಿರುವಾಗ ಹೆಳವನ ಎರಡೂ ಪಾದ ನೆಲಕ್ಕೆ ತಾಗಿದವು. ಬೆಳಗಿನಿಂದ ಮಡಿಚಿದ್ದ ಕಾಲು, ಜೋಮು ಹಿಡಿದು ತಡವರಿಸಿದ. ಆಳುಗಳ ಕೈಯಿಂದ ಮೂಗುದಾರ ಬಿಡಿಸಿಕೊಂಡು ಕಟ್ಟೆಯವರೆಗೆ ನಡೆದು ಗೌಡನ ಕೈಯಲ್ಲಿ ಇಟ್ಟ.

"ನಿಮ್ಮ ಎತ್ತು, ಗೌಡ್ರ."

ಆಮೇಲೆ ನೀಲವ್ವನ ಮುಂದೆ ಬಂದು ನಿಂತ. "ಯವ್ವಾ, ನಿಮ್ಮಪ್ಪನ ಹೆಸರ ಈ ಬಾಯಿಂದ ನಾನಽ ತಗದು ಒಗದೀನಿ. ಇನ್ನ ಅದನ್ನ ನೀ ಕೊಟ್ಟರ ಹೇಳಬೇಕು. ಕೊಡ್ತಿಯೇನು?"

"ದೇವನಗೌಡ," ಎಂದಳು ನೀಲವ್ವ.

"ರಾಯನಗೌಡಗ ಇಬ್ಬರು ಗಂಡಮಕ್ಕಳು," ಕರೆಪ್ಪನ ದನಿ ಹೊಳೆಯಾಚೆಗೂ ಕೇಳಿತು ಅಂತಾರೆ. "ಹಿರಿಯಾವ ನಿಂಗನಗೌಡ, ಕಿರಿಯಾವ ದೇವನಗೌಡ. ದೇವನಗೌಡನ ಹೇಣತಿ ಗುರವ್ವ. ಅವರ ಹೊಟ್ಟೀಲೆ ಹುಟ್ಟಿದಾಕಿ ನೀಲವ್ವ."

ಗೌಡ ಎದ್ದು ನಿಂತ. "ನೆಲಕ್ಕಿಳಿದ ಹೆಳವನ ಮಾತು ಯಾರು ನಂಬತಾರಲೇ?"

"ನಂಬಬ್ಯಾಡ್ರಿ. ಹೋದ ಸಲ ಎತ್ತಿನ ಮ್ಯಾಲೆ ಕುಂತು ಹೇಳಿದ್ದೆ. ನಂಬಿದ್ರಿ. ಅದು ಸುಳ್ಳಿತ್ತು."

ಸುಳ್ಳು ಹೇಳಲು ಯಾರಾದರೂ ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಳ್ಳುತ್ತಾರೆಯೇ ಎಂದು ಊರು ಯೋಚಿಸುತ್ತಿತ್ತೋ ಏನೋ. ಕಾಶವ್ವ ಮರಕ್ಕೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡಳು. ಎಂಬತ್ತು ವರ್ಷದ ಮುದುಕಿ, ಅದರ ಭಾರಕ್ಕೆ ಬಾಗಿದಳು. "ನಾ ತೋಡಬೇಕೇನ್ರೋ?" ಎಂದಳು. ಆಗ ನಾಲ್ಕು ಜನ ಎದ್ದರು. ಆಮೇಲೆ ಎಂಟು ಜನ. ಆಳುಗಳು ಗೌಡನ ಮುಖ ನೋಡಿದರು, ಹೆಣದ ಮುಖ ನೋಡಿದರು, ಬಡಿಗೆ ಕೆಳಗಿಟ್ಟರು. ಹೊತ್ತು ಮುಳುಗುವ ಮೊದಲು ಬನ್ನಿಗಿಡದ ಕೆಳಗೆ ಮಣ್ಣು ಬಿತ್ತು. ಆ ಎತ್ತು ಗೌಡನ ಕೈ ಬಿಡಿಸಿಕೊಂಡು ಹೆಣದ ಹಿಂದೆ ನಡೆಯಿತು ಎಂದೂ ಹೇಳುತ್ತಾರೆ. ಅದು ಆಮೇಲೆ ಯಾರೋ ಸೇರಿಸಿದ್ದಿರಬೇಕು.

ಕರೆಪ್ಪ ಮುಂದೆ ಯಾವ ಮನೆಯ ಬಾಗಿಲಲ್ಲೂ ವಂಶ ಹೇಳಲಿಲ್ಲ. ಹೆಂಡತಿ ಮಕ್ಕಳ ಜೊತೆ ಕಲ್ಲೊಡೆಯುವವರನ್ನು ಸೇರಿಕೊಂಡ ಎಂದು ಕೆಲವರು ಹೇಳುತ್ತಾರೆ. ಹೊಳೆ ದಾಟಿ ಹೋದ ಎಂದು ಕೆಲವರು. ಆದರೆ ಹೋಗುವ ಮೊದಲು ಒಂದು ಮಳೆಗಾಲ ಪೂರ್ತಿ ನೀಲವ್ವನ ಗುಡಿಸಲ ಮುಂದೆ ಕೂತು, ಏಳೂ ತಲೆಮಾರನ್ನು ಆಕೆಗೆ ಬಾಯಿಪಾಠ ಮಾಡಿಸಿದನಂತೆ. ಈ ಸಲ ಎಲ್ಲೂ ತಪ್ಪಲಿಲ್ಲವಂತೆ. ನೀಲವ್ವ ತನ್ನ ಮಗಳಿಗೆ ಹೇಳಿದಳು. ಆಕೆ ತನ್ನ ಮಗಳಿಗೆ. ಹಾಗೆ ಅದು ಈ ಮನೆಗೆ ಬಂತು.

ಈಗಲೂ ಹೆಳವರು ಬರುತ್ತಾರೆ. ಎತ್ತು ಕಡಿಮೆಯಾಗಿವೆ, ಟೆಂಪೋ ಮಾಡಿಕೊಂಡು ಬಂದು ಅದರಲ್ಲೇ ಕೂತು ಹೇಳುತ್ತಾರೆ. ಆದರೆ ನಮ್ಮ ಬಾಗಿಲಲ್ಲಿ ರಾಯನಗೌಡನ ಹೆಸರು ಬಂದ ಕೂಡಲೇ ಹೆಳವ ನಿಲ್ಲಿಸುತ್ತಾನೆ. ಕೆಳಗಿಳಿಯುತ್ತಾನೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತು, ಮನೆಯ ಮದುವೆಯಾಗದ ಹೆಣ್ಣುಮಕ್ಕಳಲ್ಲಿ ಹಿರಿಯಳನ್ನು ಕೇಳುತ್ತಾನೆ, ಕೊಡ್ತಿಯೇನು ಯವ್ವಾ ಎಂದು. ಆಕೆ ಕೊಡುವವರೆಗೆ ಮುಂದಿನ ಹೆಸರು ಅವನ ಬಾಯಿಂದ ಬರುವುದಿಲ್ಲ.

ಹೋದ ಸಲ ನಿಮ್ಮಕ್ಕ ಕೊಟ್ಟಳು. ಆಕೆಗೆ ಮದುವೆಯಾಯಿತು. ಈ ಸುಗ್ಗಿಗೆ ಅವನು ನಿನ್ನ ಮುಂದೆ ಬಂದು ನಿಲ್ಲುತ್ತಾನೆ.

ಎಲ್ಲಿ, ಆ ಹೆಸರು ಒಮ್ಮೆ ಹೇಳು. ಗಟ್ಟಿಯಾಗಿ.