ಮುಖ ಹುಡುಕುವ ಕ್ಯಾಮೆರಾ

“ಗುರುಗಳೇ, ಹಳೆಯ ಕ್ಯಾಮೆರಾ ಒಳ್ಳೆಯದೋ, ಹೊಸದು ಒಳ್ಳೆಯದೋ?”

ಕೇಳಿದವನು ಮರುಳಸಿದ್ಧ. ಮಠದಲ್ಲಿ ಫೋಟೋ ತೆಗೆಯುವ ಕೆಲಸ ಅವನದು. ಬಹಳ ವರ್ಷಗಳಿಂದ ಮಠದಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ಇತ್ತು. ಈಚೆಗೆ ಭಕ್ತರೊಬ್ಬರು ಹೊಸ ಮಿರರ್‌ಲೆಸ್ ಕ್ಯಾಮೆರಾ ತಂದುಕೊಟ್ಟಿದ್ದರು. ಎರಡರಲ್ಲಿ ಒಂದನ್ನು ಶಾಖಾಮಠಕ್ಕೆ ಕಳಿಸಬೇಕಿತ್ತು. ಯಾವುದನ್ನು ಕಳಿಸುವುದು, ಯಾವುದನ್ನು ಉಳಿಸಿಕೊಳ್ಳುವುದು ಎಂದು ಅವನು ಅದರಲ್ಲೊಂದು ಇದರಲ್ಲೊಂದು ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡಿ ನೋಡಿ ಸಾಕಾಗಿದ್ದ.

ಗುರುಗಳು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟರು. ಕೂತುಕೋ ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಕೊಟ್ರೇಶ ಎಂಬ ಫೋಟೋಗ್ರಾಫರ್ ಇದ್ದ. ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಸ್ಟುಡಿಯೋ. ಕೈ ಒಳ್ಳೆಯದು ಎಂದು ಊರಿನಲ್ಲಿ ಹೆಸರಿತ್ತು. ಅವನು ಫೋಟೋ ತೆಗೆದರೆ ಮುಖ ಮುಖದ ಹಾಗೇ ಇರುತ್ತದೆ ಎನ್ನುತ್ತಿದ್ದರು.

ಅವನ ಹತ್ತಿರ ಇದ್ದದ್ದು ಒಂದು ಹಳೆಯ ಡಿಜಿಟಲ್ ಕ್ಯಾಮೆರಾ. ಒಳಗೆ ಕನ್ನಡಿ ಇರುವಂಥದು. ಗುಂಡಿ ಒತ್ತಿದರೆ ಕನ್ನಡಿ ಎದ್ದು ಬಿದ್ದು ಖಟಕ್ ಎಂದು ಸದ್ದಾಗುತ್ತಿತ್ತು. ಅದರಲ್ಲಿ ಫೋಟೋ ತೆಗೆಯಬೇಕಾದರೆ ಕಿಂಡಿಗೆ ಕಣ್ಣಿಟ್ಟು ಎದುರಿಗೆ ಕೂತವರ ಕಣ್ಣನ್ನು ತಾನೇ ಹುಡುಕಬೇಕು. ಫೋಕಸ್ಸಿನ ಚುಕ್ಕೆಯನ್ನು ಆ ಕಣ್ಣಿನ ಮೇಲೆ ತಾನೇ ತಂದು ನಿಲ್ಲಿಸಬೇಕು. ಕೂತವರು ಸ್ವಲ್ಪ ಅಲುಗಾಡಿದರೆ ಮತ್ತೆ ಮೊದಲಿನಿಂದ. ಕೊಟ್ರೇಶ ವರ್ಷಗಟ್ಟಲೆ ಹೀಗೆ ಊರಿನವರ ಕಣ್ಣುಗಳನ್ನು ಒಂದೊಂದಾಗಿ ಹುಡುಕಿದ್ದ.

ಆಮೇಲೆ ಅವನು ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡ. ಅದರಲ್ಲಿ ಕನ್ನಡಿಯೂ ಇಲ್ಲ, ಸದ್ದೂ ಇಲ್ಲ. ಎದುರಿಗೆ ಯಾರು ಬಂದರೂ ಅದೇ ಮುಖ ಹುಡುಕುತ್ತದೆ. ಮುಖದ ಮೇಲೆ ಒಂದು ಹಸಿರು ಚೌಕ ಮೂಡುತ್ತದೆ, ಚೌಕ ಹೋಗಿ ಕಣ್ಣಿನ ಮೇಲೆ ಕೂರುತ್ತದೆ. ಕೂತವರು ಅಲುಗಾಡಿದರೆ ಅದೂ ಜೊತೆಗೆ ಅಲುಗಾಡುತ್ತದೆ. ಗುಂಡಿ ಒತ್ತಿದರೆ ಮುಗಿಯಿತು.

ಕೊಟ್ರೇಶನಿಗೆ ಹಿಗ್ಗೋ ಹಿಗ್ಗು. ಸ್ಟುಡಿಯೋದಲ್ಲಿ ಒಂದು ದೊಡ್ಡ ಟಿವಿ ತಂದಿಟ್ಟು ಕ್ಯಾಮೆರಾವನ್ನು ಅದಕ್ಕೆ ಜೋಡಿಸಿದ. ಕೂತವರಿಗೂ ತಮ್ಮ ಮುಖದ ಮೇಲೆ ಚೌಕ ಬರುವುದು ಕಾಣಲಿ ಎಂದು ಟಿವಿಯನ್ನು ಅವರ ಕಡೆಗೇ ತಿರುಗಿಸಿದ. ಬಂದವರಿಗೆಲ್ಲ ಎರಡೂ ಕ್ಯಾಮೆರಾ ತೋರಿಸಿ ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ವಿವರಿಸುವುದು ಅವನಿಗೆ ಅಭ್ಯಾಸವಾಯಿತು. ಹಳೆಯದು ಕುರುಡು, ಇದಕ್ಕೆ ಕಣ್ಣಿದೆ ಎನ್ನುತ್ತಿದ್ದ. ಜನ ಸುಮ್ಮನೆ ನೋಡುವುದಕ್ಕೂ ಬರತೊಡಗಿದರು.

ಒಂದು ದಿನ ಬೆಳಿಗ್ಗೆ ಹಾಗೇ ಸ್ಟುಡಿಯೋ ತುಂಬ ಜನ ಇದ್ದರು. ಕೊಟ್ರೇಶ ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ ಆಟ ತೋರಿಸುತ್ತಿದ್ದ. ಜವಳಿ ಅಂಗಡಿಯವನು ಕೂತ, ಚೌಕ ಬಂತು. ಅವನು ಕನ್ನಡಕ ಹಾಕಿಕೊಂಡ, ಆಗಲೂ ಬಂತು. ಹಲ್ಲಿಲ್ಲದ ಅಜ್ಜಿಯೊಬ್ಬಳು ಕೂತು ನಕ್ಕಳು, ಆಗಲೂ ಬಂತು. ಎಲ್ಲರೂ ಖುಷಿಪಟ್ಟರು.

ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಡುವಯಸ್ಸು. ಇಸ್ತ್ರಿ ಮಾಡಿದ ಸೀರೆ, ಮುಡಿಯಲ್ಲಿ ಹೂವು. ಮುಖದ ಒಂದು ಭಾಗ ಹಿಂದೆ ಯಾವಾಗಲೋ ಸುಟ್ಟಿತ್ತು. ಕೆನ್ನೆಯ ಚರ್ಮ ಮುದುಡಿ, ಒಂದು ಕಣ್ಣಿನ ರೆಪ್ಪೆ ಕೆಳಕ್ಕೆ ಎಳೆದುಕೊಂಡಿತ್ತು. ಆಕೆ ಬೀದಿಯಲ್ಲಿ ಹೋಗುವುದನ್ನು ಕೊಟ್ರೇಶ ಎಷ್ಟೋ ಸಲ ಕಂಡಿದ್ದ. ಕಂಡಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದ. ಅದು ಮರ್ಯಾದೆ ಎಂದು ಅವನು ತಿಳಿದಿದ್ದ.

ಆಕೆ ಬಂದ ಕಾರಣ ಹೇಳಿದಳು. ಮನೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ಅವಳ ಹತ್ತಿರ ಕಲಿತ ಕೆಲವರು ಸೇರಿ ಈಗ ಸ್ವಂತ ಅಂಗಡಿ ಇಡುತ್ತಿದ್ದಾರೆ. ಅಂಗಡಿಯಲ್ಲಿ ಟೀಚರ್ ಫೋಟೋ ಇರಲೇಬೇಕು ಎಂದು ಹಟ ಹಿಡಿದಿದ್ದಾರೆ. ಬೇಡವೆಂದರೆ ಕೇಳುವುದಿಲ್ಲ. ಮದುವೆಗೆ ಮುಂಚೆ ಯಾವಾಗಲೋ ಫೋಟೋ ತೆಗೆಸಿಕೊಂಡದ್ದು, ಆಮೇಲೆ ಇದೇ ಮೊದಲು ಎಂದಳು. ಹೇಳುವಾಗ ಸ್ವಲ್ಪ ನಾಚಿಕೊಂಡಳು.

ಕೊಟ್ರೇಶ ಕೂರಿಸಿದ. ಆಕೆ ಸೆರಗು ಸರಿಮಾಡಿಕೊಂಡು, ಮುಖ ಒಂದು ಕಡೆಗೂ ತಿರುಗಿಸದೆ ನೇರ ಕೂತಳು.

ಚೌಕ ಬರಲಿಲ್ಲ.

ಕೊಟ್ರೇಶ ಕ್ಯಾಮೆರಾ ಮೇಲೆ ಕೆಳಗೆ ಮಾಡಿದ. ಚೌಕ ಒಮ್ಮೆ ಮಿಂಚಿ ಮಾಯವಾಯಿತು. ಹಿಂದಿನ ಗೋಡೆಯ ಮೇಲೆ ಒಂದು ಮಗುವಿನ ಫೋಟೋ ತೂಗುಹಾಕಿತ್ತು. ಚೌಕ ಆಕೆಯನ್ನು ದಾಟಿ ಹೋಗಿ ಆ ಮಗುವಿನ ಮುಖದ ಮೇಲೆ ಕೂತಿತು. ಕೊಟ್ರೇಶ ಪಕ್ಕಕ್ಕೆ ಸರಿದು ನೋಡಿದ, ಹತ್ತಿರ ಹೋಗಿ ನೋಡಿದ. ಪ್ರತಿ ಸಲವೂ ಅದು ಮಗುವಿನ ಕಡೆಗೇ ಹೋಯಿತು. ಇಷ್ಟು ಜನರ ಮುಂದೆ ಹೊಸ ಕ್ಯಾಮೆರಾ ಕೈಕೊಡುತ್ತಿದೆಯಲ್ಲ ಎಂದು ಅವನಿಗೆ ಮುಜುಗರವಾಯಿತು. ಕ್ಯಾಮೆರಾದ ಮೇಲಿನ ಕಣ್ಣು ತೆಗೆಯದೆಯೇ ಹೇಳಿದ:

“ಇದಕ್ಕೆ ಮುಖಾನೇ ಸಿಗ್ತಾ ಇಲ್ಲ.”

ಅಷ್ಟು ಹೊತ್ತೂ ನಗುತ್ತಿದ್ದ ಜವಳಿ ಅಂಗಡಿಯವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆಗ ಕೊಟ್ರೇಶ ತಲೆ ಎತ್ತಿದ. ತಾನು ಆಡಿದ ಮಾತು ತನ್ನ ಕಿವಿಗೆ ಬಿದ್ದದ್ದೂ ಆಗಲೇ. ಹೇಗಾದರೂ ಅದನ್ನು ಮುಚ್ಚಿಹಾಕಬೇಕೆಂದು ಹೊಸದನ್ನು ಮೇಜಿನ ಮೇಲಿಟ್ಟು, ಅಲ್ಲೇ ಇದ್ದ ಹಳೆಯ ಕ್ಯಾಮೆರಾ ಎತ್ತಿಕೊಂಡು, ಏನೂ ತೊಂದರೆ ಇಲ್ಲಮ್ಮ, ನಿಮಗೆ ಹಳೇದರಲ್ಲಿ ತೆಗೀತೀನಿ, ಚೆನ್ನಾಗೇ ಬರುತ್ತೆ ಎಂದ.

ಆಕೆ ಅವನ ಕೈಯಲ್ಲಿದ್ದ ಕ್ಯಾಮೆರಾ ನೋಡಿದಳು. ಮೇಜಿನ ಮೇಲಿದ್ದದ್ದನ್ನೂ ನೋಡಿದಳು.

“ಎಲ್ಲರಿಗೂ ಅದರಲ್ಲೇ ತೆಗೆದ್ರಲ್ಲ,” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು, ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಹೊರಟುಹೋದಳು. ಇನ್ನೊಂದು ದಿನ ಬರಲಿಲ್ಲ.

ಕೊಟ್ರೇಶ ಮೊದಲು ಕ್ಯಾಮೆರಾವನ್ನು ಬೈದ. ಅದನ್ನು ಮಾಡಿದವರನ್ನು ಬೈದ. ಅವರು ಯಾವ ಯಾವ ಮುಖಗಳನ್ನು ತೋರಿಸಿ ಅದಕ್ಕೆ ಕಲಿಸಿದರೋ, ಇಂಥ ಮುಖ ತೋರಿಸಲಿಲ್ಲ, ನಾನೇನು ಮಾಡಲಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಎಲ್ಲರೂ ಹೌದು ಎಂದರು. ಯಾರ ಹೌದೂ ಅವನಿಗೆ ಸಮಾಧಾನ ಕೊಡಲಿಲ್ಲ. ಅವನು ಕ್ಯಾಮೆರಾದ ಜೊತೆ ಬಂದಿದ್ದ ಪುಸ್ತಕ ತೆಗೆದು ಓದಿದ. ಮುಖ ಹುಡುಕುವುದನ್ನು ನಿಲ್ಲಿಸಿ ಫೋಕಸ್ ಚುಕ್ಕೆಯನ್ನು ಕೈಯಿಂದಲೇ ಇಡುವ ಉಪಾಯ ಅದರಲ್ಲಿತ್ತು. ಒಂದು ಗುಂಡಿ ಒತ್ತಿದರೆ ಸಾಕು. ಹಳೆಯ ಕ್ಯಾಮೆರಾದಲ್ಲಿ ಅವನು ಇಷ್ಟು ವರ್ಷ ಮಾಡಿದ ಕೆಲಸವನ್ನು ಹೊಸದರಲ್ಲೂ ಮಾಡಬಹುದಿತ್ತು. ಅವನಿಗೆ ಅದು ಹೊಳೆದಿರಲೇ ಇಲ್ಲ. ಅವನು ಚೌಕ ಹುಡುಕುತ್ತಿದ್ದ, ಆಕೆಯನ್ನು ನೋಡಿರಲಿಲ್ಲ.

ಕ್ಯಾಮೆರಾ ಅಂಥ ಮುಖವನ್ನು ನಿಜವಾಗಿಯೂ ಗುರುತಿಸುವುದಿಲ್ಲವೋ ಎಂದು ನೋಡಲು ಅವನು ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಾನೇ ಹೋಗಿ ಸ್ಟೂಲಿನ ಮೇಲೆ ಕೂತ. ಎದುರಿಗೇ ಟಿವಿ. ತನ್ನ ಮುಖ ಅಷ್ಟಗಲ ಕಾಣುತ್ತಿತ್ತು, ಅದರ ಮೇಲೆ ಹಸಿರು ಚೌಕ. ಅಂಗೈಯಿಂದ ಅರ್ಧ ಮುಖ ಮುಚ್ಚಿಕೊಂಡು, ಗೋಡೆಯ ಕಡೆ ಸ್ವಲ್ಪ ಸರಿದ. ಚೌಕ ಅವನನ್ನು ಬಿಟ್ಟು ಮಗುವಿನ ಮೇಲೆ ಹೋಗಿ ಕೂತಿತು.

ಅಂದರೆ ಆಕೆ ಎಲ್ಲವನ್ನೂ ನೋಡುತ್ತಿದ್ದಳು. ಅವನು ಬಾಯಿಬಿಟ್ಟು ಹೇಳುವುದಕ್ಕೂ ಮುಂಚೆ, ಅವನು ಮೇಲೆ ಕೆಳಗೆ ಮಾಡುತ್ತಿದ್ದಷ್ಟು ಹೊತ್ತೂ, ಅದು ತನ್ನನ್ನು ದಾಟಿ ದಾಟಿ ಹೋಗುವುದನ್ನು ನೋಡುತ್ತ ನೆಟ್ಟಗೆ ಕೂತಿದ್ದಳು. ಕೊಟ್ರೇಶ ಕೈ ಇಳಿಸಲಿಲ್ಲ. ಹೊರಗೆ ಯಾರೋ ಬಾಗಿಲು ತಟ್ಟಿದರೂ ಏಳಲಿಲ್ಲ.

ಮಾರನೆಯ ದಿನ ಟಿವಿ ತೆಗೆದುಹಾಕಿದ. ಎರಡೂ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಆಕೆಯನ್ನು ಹುಡುಕಿಕೊಂಡು ಹೊರಟ. ಮನೆ ಎಲ್ಲಿದೆಯೋ ಗೊತ್ತಿರಲಿಲ್ಲ. ಮೂಲೆಯಲ್ಲಿ ಖಾಜಾಸಾಬನ ಚಹಾದ ಅಂಗಡಿ. ಊರಿನವರೆಲ್ಲ ಅವನಿಗೆ ಗೊತ್ತು. ಹೊಲಿಗೆ ಕಲಿಸುವ ಒಬ್ಬರಿದ್ದಾರಲ್ಲ, ಅವರ ಮನೆ ಯಾವ ಕಡೆ ಎಂದು ಕೊಟ್ರೇಶ ಕೇಳಿದ. ಹೊಲಿಗೆ ಕಲಿಸುವವರು ಊರಲ್ಲಿ ಬಹಳ ಮಂದಿ, ಯಾರು ಬೇಕು ಎಂದ ಖಾಜಾಸಾಬ್. ನಡುವಯಸ್ಸಿನವರು ಎಂದ ಕೊಟ್ರೇಶ. ಹಾಗಂದರೂ ಗೊತ್ತಾಗಲಿಲ್ಲ. ತೆಳ್ಳಗಿದ್ದಾರೆ, ಹೂ ಮುಡಿದಿರುತ್ತಾರೆ ಎಂದ. ಖಾಜಾಸಾಬ್ ಗೊತ್ತಿಲ್ಲ ಎಂದು ತಲೆಯಾಡಿಸಿದ. ಚಹಾ ಕುಡಿಯುತ್ತಿದ್ದವರೂ ತಿರುಗಿ ನೋಡಿದರು.

ಕೊಟ್ರೇಶನಿಗೆ ಬೇರೆ ಮಾತು ಸಿಗಲಿಲ್ಲ. ಬಾಯಿಂದ ಹೇಳಲೂ ಆಗಲಿಲ್ಲ. ಅವನ ಕೈ ತಾನಾಗಿ ಮೇಲಕ್ಕೆ ಹೋಗಿ ಕೆನ್ನೆ ಮುಟ್ಟಿತು.

ಖಾಜಾಸಾಬನಿಗೆ ತಟ್ಟನೆ ಗೊತ್ತಾಯಿತು. ಅವರಾ ಎಂದು, ನೀರಿನ ಟ್ಯಾಂಕಿನ ಹಿಂದಿನ ಓಣಿ ತೋರಿಸಿದ.

ಮನೆಯ ಮುಂದಿನ ಕೋಣೆಯಲ್ಲಿ ಹುಡುಗಿಯರು ಹೊಲಿಯುತ್ತಿದ್ದರು. ಕೊಟ್ರೇಶನನ್ನು ಕಂಡು ಆಕೆ ಎದ್ದು ಬಂದಳು. ಒಳಗೆ ಕರೆದು ಕುರ್ಚಿ ಹಾಕಿದಳು. ಅವನು ಕೂರಲಿಲ್ಲ. ನಿಂತೇ, ತಪ್ಪಾಯಿತು ಎಂದ. ಯಂತ್ರ ಹಾಗೆ ಮಾಡಿತು ಎಂದು ಹೇಳಬೇಕೆಂದು ದಾರಿಯಲ್ಲಿ ಅಂದುಕೊಂಡು ಬಂದಿದ್ದ, ಆ ಮಾತು ಬರಲಿಲ್ಲ. ನಾನು ನಿಮ್ಮನ್ನು ನೋಡಲಿಲ್ಲ ಎಂದಷ್ಟೇ ಹೇಳಿದ.

ಬಿಡಿ, ಅದೇನು ಅಷ್ಟು ದೊಡ್ಡದಲ್ಲ ಎಂದಳು ಆಕೆ. ಆಮೇಲೆ ಕೇಳಿದಳು:

“ನನ್ನ ಮನೆ ಹೆಂಗೆ ಸಿಕ್ತು? ಏನಂತ ಕೇಳಿದ್ರಿ?”

ಮಷೀನುಗಳ ಸದ್ದು ನಿಂತಿತು. ಕೊಟ್ರೇಶ ಸುಳ್ಳು ಹೇಳಬಹುದಿತ್ತು. ಟೀಚರ್ ಮನೆ ಎಂದು ಕೇಳಿದೆ ಎಂದರೆ ಮುಗಿದುಹೋಗುತ್ತಿತ್ತು. ಅವನಿಗೆ ಅದೂ ಆಗಲಿಲ್ಲ, ನಿಜ ಹೇಳಲೂ ಆಗಲಿಲ್ಲ. ಚಹಾದ ಅಂಗಡಿಯ ಮುಂದೆ ಮಾಡಿದ್ದನ್ನೇ ಮತ್ತೆ ಮಾಡಿ ತೋರಿಸಿದ. ಕೈ ಕೆನ್ನೆಯವರೆಗೆ ಹೋಗುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂತು. ಹುಡುಗಿಯರು ತಲೆ ತಗ್ಗಿಸಿದರು.

“ಎಲ್ಲರೂ ಹಂಗೇ ಕೇಳ್ಕೊಂಡು ಬರ್ತಾರೆ,” ಎಂದಳು ಆಕೆ. “ಬಂದ ಮೇಲೆ ಹೇಳಿದವರು ಯಾರೂ ಇಲ್ಲ.”

ಆಗ ಕೊಟ್ರೇಶ ಕೈಮುಗಿದು, ತಮ್ಮ ಹೆಸರೇನು ಎಂದು ಕೇಳಿದ. ಆಕೆ ಹೇಳಿದಳು. ಅವನು ಅದನ್ನು ಒಮ್ಮೆ ತಾನೂ ಹೇಳಿದ, ಸರಿಯಾಗಿ ಬಂತೋ ಇಲ್ಲವೋ ಎಂದು ಅವಳ ಮುಖ ನೋಡಿದ. ಸರಿ ಎಂಬಂತೆ ಆಕೆ ತಲೆಯಾಡಿಸಿದಳು. ಆಮೇಲೆ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ತಾನೇ ಕೂತಳು. ಕೊಟ್ರೇಶ ಚೀಲದಿಂದ ಒಂದು ಕ್ಯಾಮೆರಾ ತೆಗೆದ. ಫೋಕಸ್ಸಿನ ಚುಕ್ಕೆಯನ್ನು ಅವನು ಅವಳ ಕಣ್ಣಿನ ಮೇಲೆ ತಾನೇ ತಂದು ನಿಲ್ಲಿಸುವವರೆಗೂ ಆಕೆ ಅಲುಗಾಡದೆ ಕಾದಳು.

ಫೋಟೋ ಚೆನ್ನಾಗಿ ಬಂತು. ಹುಡುಗಿಯರ ಅಂಗಡಿಯಲ್ಲಿ ಈಗಲೂ ಇದೆ. ಕೊಟ್ರೇಶ ಆ ರಸ್ತೆಯಲ್ಲಿ ಹೋಗುವಾಗ ಒಳಗೆ ನೋಡುತ್ತಾನೆ. ಆದರೆ ನಿಂತು ನೋಡಲು ಅವನಿಗೆ ಇನ್ನೂ ಆಗುವುದಿಲ್ಲ.

ಗುರುಗಳು ಕಥೆ ಮುಗಿಸಿದರು. ತನ್ನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ ಎನಿಸಿತು ಮರುಳಸಿದ್ಧನಿಗೆ. ಮುಂದಿದ್ದ ಎರಡು ಕ್ಯಾಮೆರಾಗಳನ್ನು ನೋಡಿ ಕೇಳಿದ:

“ಕೊನೆಗೆ ಆ ಫೋಟೋ ಯಾವುದರಲ್ಲಿ ತೆಗೆದ, ಗುರುಗಳೇ? ಹಳೆಯದರಲ್ಲೋ, ಹೊಸದರಲ್ಲೋ?”

ಗುರುಗಳು ಅವನನ್ನೇ ನೋಡಿ ಹೇಳಿದರು:

“ಆಕೆಯ ಹೆಸರು ಕೇಳುತ್ತೀಯೆ ಎಂದುಕೊಂಡಿದ್ದೆ.”