ಬೆತ್ತ ಕೆಳಗಿಡುವ ಕಟ್ಟಳೆ

"ನನ್ನ ಮೈಮೇಲೂ ದೇವರು ಬಂತಲ್ಲ ತಾತ, ಇನ್ನೂ ಯಾಕೆ ನನ್ನ ಕೈಗೆ ಬೆತ್ತ ಕೊಡುತ್ತಿಲ್ಲ?"

ಕೇಳಿದವನು ಕೇತ. ಬೆಟ್ಟದ ಹಾಡಿಯಲ್ಲಿ ದೇವರು ಕರೆದು ಕಾಯಿಲೆ ಬಿಡಿಸುವ ಈ ತಾತನ ಬಳಿ ಒಂಬತ್ತು ವರ್ಷದಿಂದ ಬೇರು ಅಗೆದು, ಹಾಡು ಕಲಿತು, ಸೌದೆ ಹೊತ್ತವನು. ಮೊನ್ನೆ ತಮಟೆ ಸದ್ದಿಗೆ ಮೊದಲ ಸಲ ಅವನ ಮೈ ನಡುಗಿತು. ಜನ ಅಡ್ಡಬಿದ್ದರು. ಆಗಿನಿಂದ ಅವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬೆಳಿಗ್ಗೆ ತಾತ "ಕೇತಾ, ಸೌದೆ ತಾ" ಎಂದು ಕೂಗಿದರೂ ತಿರುಗಿ ನೋಡಿರಲಿಲ್ಲ. ಕೆಳಗಿನ ಹಾಡಿಯವರು ಅವನನ್ನು ತಮ್ಮಲ್ಲಿ ಕಾಯಿಲೆ ಬಿಡಿಸಲು ಕರೆದೊಯ್ಯಬೇಕೆಂದು ಬಂದು ಕಾಯುತ್ತಿದ್ದರು. ಇವತ್ತು ಗುರುವಿನ ಕೈಯಿಂದ ಬೆತ್ತ ಸಿಗದಿದ್ದರೆ ಅವರು ಬೇರೊಬ್ಬನನ್ನು ಹುಡುಕಿಕೊಳ್ಳುತ್ತಾರೆ. ಒಂಬತ್ತು ವರ್ಷದ ಪಾಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆಗುತ್ತದೆ.

"ಕೂತುಕೋ, ಒಂದು ಕತೆ ಕೇಳು" ಎಂದರು ತಾತ.

ಒಂದು ಹಾಡಿಯಲ್ಲಿ ಒಬ್ಬನಿದ್ದ. ಅವನು ಬೆತ್ತ ಹಿಡಿದರೆ ಸಾಕು, ದೇವರು ಓಡೋಡಿ ಬರುತ್ತಿತ್ತು. ಅಲ್ಲಿ ಒಂದು ಕಟ್ಟಳೆ. ತಮಟೆ ನಿಂತ ಮೇಲೆ ಹಿರಿಯರು 'ನೀನು ಯಾರಪ್ಪಾ?' ಎಂದು ಕೇಳಬೇಕು. ಅವನು ತನ್ನ ಹೆಸರು, ಹೆತ್ತವಳ ಹೆಸರು ಹೇಳಿ ಬೆತ್ತ ಕೆಳಗಿಡಬೇಕು. ಆಮೇಲೆ ಅವನೂ ಎಲ್ಲರ ಹಾಗೆ ಸೌದೆ ಒಡೆಯುವವನೇ.

ಅವನಿಗೆ ಅದು ರುಚಿಸಲಿಲ್ಲ. ಆಗಷ್ಟೇ ಕಾಲಿಗೆ ಬಿದ್ದವರು, ದೇವರು ಇಳಿದ ಕೂಡಲೇ 'ಆಚೆ ಸರಿಯೋ' ಎನ್ನುತ್ತಿದ್ದರು. ಒಂದು ದಿನ ಹಿರಿಯರು ಎಷ್ಟು ಕೇಳಿದರೂ ಅವನು ಹೆಸರು ಹೇಳಲಿಲ್ಲ. ಬೆತ್ತ ಹಿಡಿದೇ ಮನೆಗೆ ಹೋದ. ಉಣ್ಣುವಾಗಲೂ ಬೆತ್ತ, ಮಲಗುವಾಗಲೂ ಬೆತ್ತ. ಹೆಂಡತಿ 'ಒಂದು ಕೊಡ ನೀರು ತಾ' ಎಂದರೆ ದೇವರ ದನಿಯಲ್ಲಿ ಗದರುತ್ತಿದ್ದ. ಅಯ್ಯೋ ಶಿವನೇ, ನೀರು ಹೊರಲು ನಾಚುವ ದೇವರು!

ಅವನ ಕೂಸಿಗೆ ಜ್ವರ ಬಂತು. ಅದಕ್ಕೆ ಬೇಕಾದ ಬೇರು ಬಂಡೆಯ ಸಂದಿನಲ್ಲಿ ಬೆಳೆಯುತ್ತಿತ್ತು. ಜಾಗ ಗೊತ್ತಿದ್ದವನು ಅವನೊಬ್ಬನೇ. ಬೇರು ಅಗೆಯಬೇಕೆಂದರೆ ಬೆತ್ತ ಕೆಳಗಿಡಬೇಕು. ಅವನು ಇಡಲಿಲ್ಲ. ಮೈ ನಡುಗಿಸಿ, 'ಕರಿ ಕೋಳಿ ತನ್ನಿ' ಎಂದ.

'ಕೋಳಿ ದೇವರಿಗೆ ಬೇಕು, ಕೂಸಿಗೆ ಅಪ್ಪ ಬೇಕು' ಎಂದು ಹೆಂಡತಿ ಎದೆ ಬಡಿದುಕೊಂಡಳು.

ಕೂಸು ಎರಡು ದಿನ 'ಅಪ್ಪಾ, ಅಪ್ಪಾ' ಎಂದು ಕರೆಯಿತು. ಮೂರನೆಯ ದಿನ ಕರೆಯಲಿಲ್ಲ.

ಕತೆ ಮುಗಿಯಿತು. ಕೇತ ತಡೆಯಲಾರದೆ ಎದ್ದು ನಿಂತ.

"ಥೂ, ಅವನೆಂಥ ಅಪ್ಪ! ನಾನಾಗಿದ್ದರೆ ಮೊದಲ ಕೂಗಿಗೇ ಓಡುತ್ತಿದ್ದೆ. ಬೆತ್ತ ಕೊಡಿ ತಾತ, ಅವರು ಕಾಯುತ್ತಿದ್ದಾರೆ."

ತಾತ ಬೆತ್ತವನ್ನು ತೆಗೆದು ಇಬ್ಬರ ನಡುವೆ ನೆಲದ ಮೇಲಿಟ್ಟರು.

"ಬೆಳಿಗ್ಗೆ ಮೂರು ಸಲ ಕೇತಾ ಎಂದು ಕೂಗಿದೆ; ಒಲೆ ಇನ್ನೂ ಹತ್ತಿಲ್ಲ."